ಆಟದ ಸವಿಯೂ ಪರರ ನಿಂದೆಯೂ

ದಾಂಡೇಲಿಯ ನಮ್ಮ ಬಂಧುಗಳ ಮನೆಯ ಬಾಲಕನೊಬ್ಬನು ‘ನೋ ಮ್ಯಾನ್ಸ್ ಸ್ಕೈ’ ಎಂಬ ವಿಡಿಯೋ ಆಟದಲ್ಲಿ ಗ್ರಹದಿಂದ ಗ್ರಹಕ್ಕೆ ಸಂಚರಿಸುತ್ತ ಸುಖವಾಗಿದ್ದನು. ಅಂತರ್ಜಾಲದಲ್ಲಿ ಅದರ ಮೇಲಣ ಹಳೆಯ ನಿಂದೆಯನ್ನೋದಿದ ಬಳಿಕ, ತನ್ನ ಸಂತೋಷಕ್ಕೆ ತಾನೇ ನಾಚಿ, ಆಟವನ್ನು ಬಿಟ್ಟನು.

2016ರಲ್ಲಿ ಹೊರಬಂದಾಗ ಆ ಆಟವು ಹೇಳಿದುದನ್ನೆಲ್ಲ ಕೊಡಲಿಲ್ಲವೆಂಬ ದೂರು ನ್ಯಾಯವಾದುದೇ. ತಯಾರಕರು ವರ್ಷಗಟ್ಟಲೆ ತಿದ್ದಿ ಸರಿಪಡಿಸಿದರು. ಆದರೆ ಅದಕ್ಕೂ ಮುನ್ನ, ಬಿಡುಗಡೆಯು ತಡವಾಯಿತೆಂಬಷ್ಟಕ್ಕೇ ಅವರಿಗೆ ಕೊಲೆಯ ಬೆದರಿಕೆಗಳು ಬಂದಿದ್ದುವು, ಇದು ವಿಮರ್ಶೆಯಲ್ಲ.

ಹಳಿಯಾಳದ ಕುಸ್ತಿಯ ಕಣದಲ್ಲಿಯೂ ಹೀಯಾಳಿಸುವವರುಂಟು; ಪಟುವು ಮೈಮಣ್ಣಿನೊಡನೆ ಅದನ್ನೂ ಕೊಡವಿ ಮನೆಗೆ ಹೋಗುವನು. ಅಂತರ್ಜಾಲದ ಕೂಗಾದರೋ ಮನೆಯೊಳಕ್ಕೇ ಬರುವುದು. ಆದುದರಿಂದ ಗೃಹಸ್ಥರು ಮಕ್ಕಳಿಗೆ ಹೇಳತಕ್ಕುದಿಷ್ಟೆ: ಮೊದಲು ಆಡು, ಬಳಿಕ ಓದು, ರುಚಿಯನ್ನು ಹೇಳಬೇಕಾದುದು ನಿನ್ನ ನಾಲಗೆಯೇ.