ತರಬೇತಿ ಅಂದ್ರ ಬರೇ ಕಲಿಯೋದಲ್ರೀ

ನಮ್ಮ ಅಕ್ಕನ ಮಗ ಪಿಯುಸಿ ಮುಗಿಸ್ಯಾನ. ಮೊನ್ನೆ ಊಟಕ್ಕ ಕೂತಾಗ "ಮೌಶಿ, ನಾ ಹೆಲಿಕಾಪ್ಟರ್ ಪೈಲಟ್ ಆಗ್ತೀನಿ" ಅಂದ. ನನಗ ಖುಷಿ ಆತು. ಅಕ್ಕ ಮಾತ್ರ ಸುಮ್ಮನಾದಳು. ಆಮ್ಯಾಲೆ ಮೆಂತೆ ಪಲ್ಯಾ ಸೋಸಿಕೋತ ಮೆಲ್ಲಕ ಕೇಳಿದಳು: "ಯುದ್ಧದಾಗ ಹೋದ್ರ ತಿಳೀತದವಾ. ತರಬೇತಿಯೊಳಗೂ ಸಾಯ್ತಾರಲ್ಲ, ಅದ್ಹ್ಯಾಂಗ?"

ಆಕಿ ಮನಸ್ಸಿನ್ಯಾಗ ಇದ್ದದ್ದು ಪೋರಬಂದರಿನ ಸುದ್ದಿ. 2025ರ ಜನವರಿ 5ರಂದು ಗುಜರಾತದ ಪೋರಬಂದರ ವಿಮಾನ ನಿಲ್ದಾಣದಾಗ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂರು ಮಂದಿ ತೀರಿಕೊಂಡರು. ಸುದ್ದಿಯೊಳಗ "ದಿನನಿತ್ಯದ ತರಬೇತಿ ಹಾರಾಟ" ಅಂತ ಬರೆದಿದ್ರು. ಆದ್ರ ಅವರೇನು ಹೊಸದಾಗಿ ಕಲಿಯಲಿಕ್ಕೆ ಬಂದ ಹುಡುಗರಲ್ಲ. ಬಿರುಗಾಳಿಯೊಳಗ ಮೀನುಗಾರರನ್ನ ಎತ್ತಿ ತರಬೇಕಾದವರು ಕೈ ಪಳಗಿಸಿಕೊಳ್ಳಬೇಕಲ್ಲ, ಅದಕ್ಕ ತರಬೇತಿ ಅಂತಾರ.

ತನಿಖೆಯೊಳಗ ಸಿಕ್ಕದ್ದು ಸ್ವಾಶ್‌ಪ್ಲೇಟ್ ಅನ್ನೋ ಭಾಗದ ಬಿರುಕು. ನಮ್ಮ ಬೀಸೋಕಲ್ಲು ನೆನಪು ಮಾಡ್ಕೋರಿ. ಕೆಳಗಿನ ಕಲ್ಲು ತಿರುಗೂದಿಲ್ಲ, ಮ್ಯಾಲಿನದು ತಿರುಗತದ. ಇದೂ ಹಂಗ. ಪೈಲಟ್ ಕೈಯಾಗಿನ ಕೋಲು ಅಲುಗಿಸಿದ್ರ ಕೆಳಗಿನ ತಟ್ಟಿ ವಾಲತದ, ಅದರ ಜೋಡಿ ತಿರುಗೋ ಮ್ಯಾಲಿನ ತಟ್ಟಿನೂ ವಾಲಿ ರೆಕ್ಕಿಗೆ ಆ ಮಾತು ಮುಟ್ಟಸತದ. ಅದು ಮುರದ್ರ ಎಂಥಾ ಜಾಣ ಪೈಲಟ್ ಇದ್ರೂ ಕೈಯಾಗಿನ ಕೋಲು ಬರೇ ಕೋಲು.

ಧ್ರುವ್ ತಯಾರಾಗೋದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಾಗ. 1992ರಾಗ ಮೊದಲ ಸಲ ಹಾರಿದಾಗಿಂದ ಅದರ ಬಗ್ಗೆ ನಮಗೆಲ್ಲ ಹೆಮ್ಮೆ ಅದ, ನನಗೂ ಅದ. ಹಂಗಂತ ಕೇಳಬಾರದೇನು? 2023ರ ಮಾರ್ಚದಾಗ ಮುಂಬೈ ಹತ್ತರ ನೌಕಾಪಡೆಯದು ಸಮುದ್ರಕ್ಕ ಇಳೀತು, ಅದ ತಿಂಗಳು ಕೊಚ್ಚಿಯೊಳಗ ಕರಾವಳಿ ಕಾವಲು ಪಡೆಯದೊಂದು ಬಿತ್ತು. ಆವಾಗ ಮಂದಿ ಉಳದ್ರು. 2024ರ ಸೆಪ್ಟೆಂಬರದಾಗ ಪೋರಬಂದರ ಸಮುದ್ರದಾಗ ಬಿದ್ದಾಗ ನಾಲ್ವರೊಳಗ ಒಬ್ಬರೇ ಉಳದ್ರು. ಜನವರಿಯ ಅಪಘಾತ ಆದಮ್ಯಾಲೆ ಸುಮಾರು 330 ಧ್ರುವ್ ನೆಲಕ್ಕ ಕೂತವು. ಫೆಬ್ರವರಿಯ ಏರೋ ಇಂಡಿಯಾದೊಳಗೂ ಹಾರಲಿಲ್ಲ. ಮೇ ಹೊತ್ತಿಗೆ ಭೂಸೇನೆ, ವಾಯುಪಡೆಯವು ಮತ್ತ ಹಾರಲಿಕ್ಕೆ ಶುರು ಮಾಡಿದವು.

ತಪ್ಪು ಯಾರದೋ ಒಬ್ಬರ ತಲಿಗೆ ಕಟ್ಟಬೇಕಂತ ನಾ ಅನ್ನೂದಿಲ್ಲ. ತರಬೇತಿ ನಿಲ್ಲಸರಿ ಅಂತನೂ ಅಲ್ಲ. ಅಭ್ಯಾಸ ಬಿಟ್ರ ಕೆಲಸದ ದಿನ ಇನ್ನೂ ಹೆಚ್ಚು ಜೀವ ಹೋಗ್ತಾವ. ನನ್ನ ಮಾತು ಇಷ್ಟ: ಯಾವ ಭಾಗ ಯಾಕ ಮುರೀತು, ಈಗ ಏನು ಬದಲಾಗೇದ, ಎಷ್ಟು ತಾಸಿಗೊಮ್ಮೆ ತಪಾಸಣೆ, ಇದನ್ನ ನಮ್ಮಂಥಾವರಿಗೂ ತಿಳಿಯೋ ಭಾಷಾದಾಗ ಹೇಳಬೇಕು. ರಕ್ಷಣಾ ಗುಟ್ಟು ಇರೋದು ಖರೆ. ಆದ್ರ ಹೋದವರ ಮನಿಯವರಿಗೆ ಹೇಳೋದರಾಗ ಯಾವ ಗುಟ್ಟು ಹೋಗತದ? ಕುಕ್ಕರಿನ ಸೇಫ್ಟಿ ವಾಲ್ವ್ ಒಮ್ಮೆ ಹಾರಿದ್ರ ನಾವು ಯಾಕ ಹಾರ್ತು ಅಂತ ತಿಳಕೊಳ್ಳದ ಮತ್ತ ಒಲಿ ಮ್ಯಾಲೆ ಇಡ್ತೀವೇನು?

ಅಕ್ಕಗ ಇಷ್ಟೆಲ್ಲಾ ಹೇಳಿದೆ. ಆಕಿ ಕೇಳಿಸಿಕೊಂಡು, "ಹಂಗಾರ ಅರ್ಜಿ ಹಾಕಲಿ. ಆದ್ರ ಮಷೀನ್ ಗಟ್ಟಿ ಅದ ಅಂತ ನನಗ ಯಾರು ಬರಕೊಡ್ತಾರ?" ಅಂದಳು.

ನನ್ನ ಹತ್ತರ ಉತ್ತರ ಇರಲಿಲ್ಲ. ಕೊಡಬೇಕಾದವರು ಬ್ಯಾರೆನೇ ಇದ್ದಾರ. ನೀವೇನಂತೀರಿ?