ಹಾಡಿನ ಋಣ

ನಮ್ಮ ಬಡಾವಣೆಯ ಹಿರಿಯರೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ, ಭಾನುವಾರದ ಸಂಜೆ, ಚಿಕ್ಕದೊಂದು ಕೂಟ ಸೇರುತ್ತದೆ. ಬಂದವರೆಲ್ಲರೂ ತಮಗೆ ಪ್ರಿಯವಾದ ಒಂದು ಹಳೆಯ ಪಾಶ್ಚಾತ್ಯ ಹಾಡನ್ನು ಉಳಿದವರಿಗೆ ಕೇಳಿಸಬೇಕೆಂಬುದೇ ಅಲ್ಲಿಯ ನಿಯಮ. ಉಪ್ಪಿಟ್ಟು, ಕಾಫಿಗಳು ಆ ಮನೆಯ ಯಜಮಾನಿತಿಯವರ ಔದಾರ್ಯ. ಪಂಪಭಾರತವನ್ನು ಪಾಠ ಹೇಳುವವನಿಗೆ ಈ ರಾಕ್, ಬ್ಲೂಸ್‌ಗಳ ಗೀಳೇಕೆಂದು ವಾಚಕರು ಹುಬ್ಬೇರಿಸಬಹುದು. ನನ್ನ ಎಂ.ಎ. ಪದವಿಯು ನನ್ನ ಕಿವಿಗೆ ತಿಳಿಯದು. ಬೇರೆ ಸಮಾಧಾನ ನನ್ನಲ್ಲಿಲ್ಲ.

ಕಳೆದ ಕೂಟದಲ್ಲಿ ನನ್ನ ಸರದಿ ಬಂದಾಗ ‘ಕ್ರೀಮ್’ ಎಂಬ ಆಂಗ್ಲ ವಾದ್ಯಗೋಷ್ಠಿಯವರ ‘ಐ ಆಮ್ ಸೋ ಗ್ಲಾಡ್’ ಎಂಬ ಹಾಡನ್ನು ಹಾಕಿದೆ. 1966ರ ಮುದ್ರಿಕೆ. ಎರಿಕ್ ಕ್ಲ್ಯಾಪ್ಟನ್, ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್—ಇರುವವರು ಮೂವರೇ ಆದರೂ ಮನೆಯ ಗಾಜುಗಳೆಲ್ಲ ಅದುರುವಂಥ ನಾದ. “ಇದು ಇವರದೇ ರಚನೆ” ಎಂದು, ಯಾರೂ ಕೇಳದಿದ್ದರೂ, ಉಪನ್ಯಾಸಕನ ಚಾಳಿಯಂತೆ ವಿವರಣೆಯನ್ನೂ ಕೊಟ್ಟೆ.

ಹಿರಿಯರು ಏನೂ ಹೇಳಲಿಲ್ಲ. ಎದ್ದುಹೋಗಿ ಮತ್ತೊಂದು ಮುದ್ರಿಕೆಯನ್ನು ಹಾಕಿದರು. ಹಳೆಯ ತಟ್ಟೆಯ ಕರಕರ ಸದ್ದಿನ ನಡುವೆ ಒಂಟಿ ಗಿಟಾರು; ಅದರ ಮೇಲೆ ತೆಳುವಾದ, ಎತ್ತರದ ಗಂಡುದನಿ. ಬೆರಳುಗಳು ಎಷ್ಟು ವೇಗವಾಗಿ ಓಡುತ್ತಿದ್ದುವೆಂದರೆ ಇಬ್ಬರು ಕುಳಿತು ನುಡಿಸುತ್ತಿರುವರೇನೋ ಎಂಬ ಭ್ರಮೆ. ಹಾಡು ಮಾತ್ರ ಅದೇ.

“ಮೇಷ್ಟ್ರೇ, ಇದು 1931ರದು. ನೀವು ಹೇಳಿದ ಮೂವರಲ್ಲಿ ಒಬ್ಬರೂ ಆಗ ಹುಟ್ಟಿರಲಿಲ್ಲ” ಎಂದರು.

ಹಾಡಿದವನು ಸ್ಕಿಪ್ ಜೇಮ್ಸ್. ಮಿಸಿಸಿಪಿ ಪ್ರಾಂತದ ಬೆಂಟೋನಿಯಾ ಎಂಬ ಹಳ್ಳಿಯ ಕಡೆಯ ಕರಿಯ ಜನಾಂಗದ ಗಾಯಕ; 1902ರಲ್ಲಿ ಹುಟ್ಟಿದವನು. 1931ರ ಫೆಬ್ರವರಿಯಲ್ಲಿ ಉತ್ತರದ ವಿಸ್ಕಾನ್ಸಿನ್ ಪ್ರಾಂತದ ಗ್ರಾಫ್ಟನ್ ಎಂಬ ಊರಿಗೆ ಹೋಗಿ ‘ಪ್ಯಾರಮೌಂಟ್’ ತಟ್ಟೆಗಳಿಗಾಗಿ ಹಾಡಿ ಬಂದನು. ಈ ಪ್ಯಾರಮೌಂಟಿನ ಒಡೆತನವು ಕುರ್ಚಿ ಮಾಡುವ ಕಾರ್ಖಾನೆಯೊಂದರದೆಂದರೆ ನಗು ಬರುತ್ತದೆ. ಕುರ್ಚಿಯವರು ಗ್ರಾಮಫೋನಿನ ಮರದ ಪೆಟ್ಟಿಗೆಗಳನ್ನು ಮಾಡಿದರು. ಪೆಟ್ಟಿಗೆಯಿದ್ದಮೇಲೆ ತಟ್ಟೆಯೂ ಬೇಕಲ್ಲವೆ? ಹೀಗೆ ಮೇಜು ಕುರ್ಚಿಗಳ ವ್ಯಾಪಾರದ ಬಾಲವಾಗಿ ಅಮೆರಿಕದ ಒಂದು ಮಹಾಸಂಗೀತವು ಉಳಿದುಕೊಂಡಿತು. ಆದರೆ ಅದು ಆರ್ಥಿಕ ಮುಗ್ಗಟ್ಟಿನ ಕಾಲ. ತಟ್ಟೆಗಳು ಮಾರಾಟವಾಗಲಿಲ್ಲ. ಜೇಮ್ಸ್ ಬ್ಲೂಸ್ ಹಾಡುವುದನ್ನೇ ಬಿಟ್ಟು ಚರ್ಚಿನ ಸೇವೆಯತ್ತ ಹೊರಳಿದನು. ಮೂವತ್ತಮೂರು ವರ್ಷಗಳ ತರುವಾಯ, 1964ರಲ್ಲಿ, ಹಳೆಯ ತಟ್ಟೆಗಳ ಹುಚ್ಚು ಹಿಡಿದಿದ್ದ ಮೂವರು ಬಿಳಿಯ ತರುಣರು ಆತನನ್ನು ಹುಡುಕಿಕೊಂಡು ಹೋದಾಗ ಆತ ಸಿಕ್ಕಿದ್ದು ಟ್ಯುನಿಕಾ ಎಂಬ ಊರಿನ ಆಸ್ಪತ್ರೆಯ ಮಂಚದ ಮೇಲೆ. ಅದೇ ಬೇಸಗೆಯಲ್ಲಿ ನ್ಯೂಪೋರ್ಟಿನ ಜಾನಪದ ಸಂಗೀತೋತ್ಸವದ ವೇದಿಕೆಯೇರಿ ಆತ ಮತ್ತೆ ಹಾಡಿದನು.

ಎರಡು ವರ್ಷಗಳಲ್ಲಿ ಕ್ರೀಮ್ ಗೋಷ್ಠಿಯವರು ಆತನ ಹಾಡನ್ನೆತ್ತಿಕೊಂಡರು. ಅವರು ಮುಚ್ಚಿಟ್ಟಿರಲಿಲ್ಲ, ಮುದ್ರಿಕೆಯ ಮೇಲೆ ಜೇಮ್ಸನ ಹೆಸರನ್ನೇ ಅಚ್ಚು ಹಾಕಿಸಿದ್ದರು. ಓದದಿದ್ದವನು ನಾನು! ಅದರಿಂದ ಬಂದ ರಾಯಲ್ಟಿ ಹಣವು ಕ್ಯಾನ್ಸರಿನಿಂದ ನರಳುತ್ತಿದ್ದ ಮುದುಕನ ಚಿಕಿತ್ಸೆಗೆ ಒದಗಿತು. 1969ರಲ್ಲಿ ಆತ ತೀರಿಕೊಂಡನು.

ಬ್ಲೂಸ್‌ನ ಪದ್ಯವು ಸಾಮಾನ್ಯವಾಗಿ ಮೂರು ಸಾಲಿನದು. ಮೊದಲ ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯದರಲ್ಲಿ ಉತ್ತರ ಕೊಡುತ್ತಾರೆ. ಹನ್ನೆರಡು ಆವರ್ತಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ನಮ್ಮ ಗರತಿಯರು ಬೀಸುಕಲ್ಲಿನ ಮುಂದೆ ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹಾಡಿ ಮೂರನೆಯದಕ್ಕೆ ಇಳಿಯುತ್ತಾರೆ. ಒಂದಕ್ಕೊಂದಕ್ಕೆ ನಂಟಿದೆಯೆಂದು ಹೇಳಹೊರಟರೆ ಅದು ಪಾಂಡಿತ್ಯದ ದುರುಪಯೋಗವಾದೀತು. ದುಡಿಯುವ ಕೈಗೆ, ದಣಿದ ಉಸಿರಿಗೆ ಮರುಕಳಿಸುವ ಸಾಲು ಹಿತವೆಂಬುದಷ್ಟೇ ಸಾಮ್ಯ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದದ್ದೂ ಅದೇ 1931ರಲ್ಲಿ. ಆದರೆ ಆ ತ್ರಿಪದಿಗಳನ್ನು ಮೊದಲು ಕಟ್ಟಿದ ಹೆಣ್ಣುಮಕ್ಕಳ ಹೆಸರುಗಳು ನಮಗೆ ಉಳಿದಿಲ್ಲ. ಬ್ಲೂಸ್ ಗಾಯಕರ ಸಂಗತಿ ಹಾಗಲ್ಲ. ಹೆಸರು ತಟ್ಟೆಯ ನಡುವಿನ ಕಾಗದದ ಮೇಲೆಯೇ ಅಚ್ಚಾಗಿತ್ತು. ಅಚ್ಚಾದ ಹೆಸರನ್ನು ಮರೆತವರಿಗೆ ಯಾವ ನೆಪವಿದೆ?

ನೆಪವಿಲ್ಲದೆ ಮರೆತವರೇ ಹೆಚ್ಚು. ಆರ್ಥರ್ ಕ್ರುಡಪ್ 1946ರಲ್ಲಿ ‘ದಟ್ಸ್ ಆಲ್ ರೈಟ್’ ಹಾಡಿದನು. 1954ರಲ್ಲಿ ಮೆಂಫಿಸ್ ನಗರದ ಪುಟ್ಟ ಮುದ್ರಣಾಲಯದಲ್ಲಿ ಹತ್ತೊಂಬತ್ತರ ಹರೆಯದ ಎಲ್ವಿಸ್ ಪ್ರೀಸ್ಲಿ ಅದನ್ನೇ ಹಾಡಿ ಕೀರ್ತಿಯ ಮೊದಲ ಮೆಟ್ಟಿಲೇರಿದನು. ಕ್ರುಡಪ್ ಹೊಲಗಳಲ್ಲಿ ಕೂಲಿ ಮಾಡುತ್ತ, ತನಗೆ ನ್ಯಾಯವಾಗಿ ಸಲ್ಲಬೇಕಾದ ಹಣದ ಬಹುಭಾಗವನ್ನು ಕಾಣದೆ, 1974ರಲ್ಲಿ ಕಣ್ಮುಚ್ಚಿದನು. ವಿಲ್ಲಿ ಡಿಕ್ಸನ್ 1985ರಲ್ಲಿ ‘ಲೆಡ್ ಜೆಪ್ಪೆಲಿನ್’ ಗೋಷ್ಠಿಯ ಮೇಲೆ ದಾವೆ ಹೂಡಿದ್ದು, ಎರಡು ವರ್ಷಗಳಲ್ಲಿ ಅದು ರಾಜಿಯಾದದ್ದು ಬಲ್ಲವರಿಗೆ ತಿಳಿದೇ ಇದೆ.

ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಹಲಗೆಯ ಮೇಲೆ ನಿಂತು ಅಲೆಗಳನ್ನೇರುವ ತರುಣರ ‘ಸರ್ಫ್’ ಸಂಗೀತವು ಬಿಸಿಲಿನ ಸಂಗೀತ. ಅಲ್ಲಿ ದುಃಖವೂ ಇಲ್ಲ, ಸಾಲವೂ ಇಲ್ಲವೆಂದು ನಾನು ನಂಬಿದ್ದೆ. ಅದೂ ಸುಳ್ಳಾಯಿತು. 1963ರಲ್ಲಿ ‘ಬೀಚ್ ಬಾಯ್ಸ್’ ತರುಣರು ಹಾಡಿದ ‘ಸರ್ಫಿನ್ ಯು.ಎಸ್.ಎ.’ಯ ಧಾಟಿಯು ಚಕ್ ಬೆರಿಯ 1958ರ ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ ಹಾಡಿನದು. ಮೊದಲು ಬ್ರಯಾನ್ ವಿಲ್ಸನ್ ಹೆಸರೊಂದೇ ಇದ್ದಲ್ಲಿಗೆ ಬೆರಿಯ ಹೆಸರು ಬಂದದ್ದು ಆಮೇಲೆ. ಆದರೂ ಆ ಹಾಡನ್ನು ಕೇಳಿದಾಗ ಈಗಲೂ ನನ್ನ ಕಾಲು ತಾನಾಗಿ ತಾಳ ಹಾಕುತ್ತದೆ. ವಿಷಯ ತಿಳಿದುದರಿಂದ ಇಂಪು ಕಡಮೆಯಾಗಲಿಲ್ಲ. ಕೇಳುವಾಗ ಇಬ್ಬರು ನೆನಪಾಗುತ್ತಾರೆ, ಅಷ್ಟೆ.

ಇಷ್ಟನ್ನೆಲ್ಲ ಓದಿಕೊಂಡು, ನ್ಯಾಯಾಧೀಶನ ಗತ್ತಿನಲ್ಲಿ ನಾನು ಹಿರಿಯರ ಮನೆಗೆ ಮತ್ತೆ ಹೋದೆ. “ಮೂಲದವರಿಗೆ ಸಲ್ಲಬೇಕಾದುದು ಸಲ್ಲಲೇಬೇಕು” ಎಂದು ಆವೇಶದಿಂದ ನುಡಿದೆ. ಅವರು ನಕ್ಕರು.

“ಸಲ್ಲಲಿ. ಆದರೆ ನಿಮ್ಮ ಸ್ಕಿಪ್ ಜೇಮ್ಸನೂ ಅದನ್ನು ಬಯಲಿನಿಂದ ಹುಟ್ಟಿಸಲಿಲ್ಲ ಮೇಷ್ಟ್ರೇ. ‘ಸೋ ಟಯರ್ಡ್’ ಎಂಬ ಹಾಡೊಂದಿತ್ತು. 1928ರಲ್ಲಿ ಲಾನಿ ಜಾನ್ಸನ್ ಅದನ್ನು ಹಾಡಿದ್ದಾನೆ. ದಣಿದೆನೆಂಬ ಹಾಡನ್ನು ಜೇಮ್ಸ್ ಸಂತೋಷದ ಹಾಡಾಗಿ ತಿರುಗಿಸಿಕೊಂಡ” ಎಂದರು.

ನಾನು ಕಾಫಿಯ ಲೋಟದೊಳಗೆ ನೋಡುತ್ತ ಕುಳಿತೆ.

ಈಗ ನಮ್ಮ ಕೂಟದಲ್ಲಿ ಹೊಸ ಪದ್ಧತಿಯೊಂದು ಬಂದಿದೆ. ಹಾಡು ಹಾಕುವ ಮುನ್ನ ಒಂದು ನೋಟುಪುಸ್ತಕದಲ್ಲಿ ಹಾಡಿದವರ ಹೆಸರು, ವರ್ಷ, ಅದರ ಪಕ್ಕದಲ್ಲಿ ‘ಮೂಲ’ ಎಂಬ ಅಂಕಣವನ್ನು ತುಂಬಬೇಕು. ಪದ್ಧತಿ ನನ್ನ ಸಲಹೆಯಿಂದಲೇ ಬಂದುದು; ಆದುದರಿಂದ ಪೇಚಿಗೆ ಸಿಕ್ಕಿರುವವನೂ ನಾನೇ. ಈ ತಿಂಗಳಿಗೆ ಡಿಕ್ ಡೇಲ್ 1962ರಲ್ಲಿ ನುಡಿಸಿದ ‘ಮಿಸಿರ್ಲೂ’ ಎಂಬ ಸರ್ಫ್ ಮಟ್ಟನ್ನು ಆರಿಸಿಕೊಂಡೆ. ಡೇಲನ ತಂದೆ ಲೆಬನಾನ್ ಮೂಲದವನು. ಎಡಚನಾದ ಮಗ ಗಿಟಾರಿನ ತಂತಿಗಳನ್ನು ಬದಲಿಸದೆ ಅದನ್ನು ತಲೆಕೆಳಗಾಗಿ ಹಿಡಿದು, ಅಲೆಯೊಡೆದು ಚೂರಾದಂತೆ ಸ್ವರಗಳನ್ನು ಸುರಿಸುತ್ತಾನೆ. ಮಟ್ಟು ಮಾತ್ರ ಮೆಡಿಟರೇನಿಯನ್ ಕಡಲಿನ ಪೂರ್ವತೀರದ್ದು. ‘ಈಜಿಪ್ಟಿನ ಹೆಣ್ಣು’ ಎಂದು ಹೆಸರಿನ ಅರ್ಥ. 1927ರಲ್ಲಿ ಗ್ರೀಕ್ ಭಾಷೆಯಲ್ಲಿ ಅದರ ಮುದ್ರಿಕೆ ಬಂತು. 1941ರಲ್ಲಿ ರೂಬಾನಿಸ್ ಎಂಬಾತ ಅಮೆರಿಕದಲ್ಲಿ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡನು. ಗ್ರೀಕರು, ತುರ್ಕರು, ಅರಬರು, ಯಹೂದಿಗಳು ಎಲ್ಲರೂ ಅದನ್ನು ತಮ್ಮದೆಂದು ಹಾಡಿದ್ದಾರೆ.

ನೋಟುಪುಸ್ತಕದಲ್ಲಿ ಡೇಲನ ಹೆಸರನ್ನೂ ವರ್ಷವನ್ನೂ ಬರೆದೆ. ‘ಮೂಲ’ದ ಎದುರಿಗೆ ಲೇಖನಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಕೊನೆಗೆ ಆ ಜಾಗವನ್ನು ಖಾಲಿ ಬಿಟ್ಟು ಹಾಡನ್ನು ಹಾಕಿದೆ.