ಗಾಳಿಗೆ ಬಗ್ಗದ ತಟ್ಟೆ

ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆಗಾಲದಲ್ಲಿ ಯಾರಾದರೂ ಕೊಡೆ ಬಿಚ್ಚಿ ನಡೆದರೆ ಅವರು ಪರವೂರಿನವರೆಂದು ತಿಳಿಯಬೇಕು. ಚೋರ್ಲಾ ಘಾಟಿನ ಕಡೆಯಿಂದ ಏರಿ ಬರುವ ಗಾಳಿ ಅದನ್ನು ಒಂದೇ ಏಟಿಗೆ ತಲೆಕೆಳಗು ಮಾಡುತ್ತದೆ. ಅಂಥ ಊರಿನ ಬಯಲಿನಲ್ಲಿ, ಹೋದ ವರ್ಷ ಅಮೆರಿಕೆಯಿಂದ ಬಂದಿದ್ದ ನಮ್ಮ ಅಣ್ಣನ ಮಗ ಹಾರುವ ತಟ್ಟೆಯ ಆಟ ಹೂಡಿದ.

ಡಿಸ್ಕ್ ಗಾಲ್ಫ್ ಎಂದು ಅದರ ಹೆಸರು. ಚೆಂಡಿನ ಬದಲು ತಟ್ಟೆ, ಕುಳಿಯ ಬದಲು ಕಂಬದ ಮೇಲಿನ ಬುಟ್ಟಿ. ಬುಟ್ಟಿಯ ಮೇಲೆ ಇಳಿಬಿದ್ದ ಸರಪಳಿಗಳಿಗೆ ಬಡಿದು ತಟ್ಟೆ ಒಳಗೆ ಬೀಳಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. 1970ರ ದಶಕದಲ್ಲಿ ಈ ಸರಪಳಿ ಬುಟ್ಟಿಯನ್ನು ರೂಪಿಸಿದವನು ಕ್ಯಾಲಿಫೋರ್ನಿಯಾದ ಎಡ್ ಹೆಡ್ರಿಕ್. 2002ರಲ್ಲಿ ಆತ ತೀರಿಕೊಂಡಾಗ ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನೇ ಮಾಡಿದರು. ನಮ್ಮವರಾಗಿದ್ದರೆ ಮಲಪ್ರಭೆಗೆ ಬಿಟ್ಟು ಕೈಮುಗಿಯುತ್ತಿದ್ದರು.

ಊರಿನ ಹುಡುಗರು ಬಿದಿರು ಬುಟ್ಟಿ, ಹಳೆಯ ಸೈಕಲ್ ರಿಮ್ಮು, ದನ ಕಟ್ಟುವ ಸರಪಳಿ ಸೇರಿಸಿ ಕಂಬ ನಿಲ್ಲಿಸಿಯೇಬಿಟ್ಟರು. ಅಣ್ಣನ ಮಗ ರಜೆ ಮುಗಿಸಿ ಹೋಗುವಾಗ ಒಂದು ತಟ್ಟೆಯನ್ನು ಅವರಿಗೇ ಬಿಟ್ಟುಹೋದ. ಅದನ್ನು ಕಳೆದವನು ನಾನು. ಕೈಯಿಂದ ಎಸೆಯಲಿಲ್ಲ, ಬಾಯಿಂದ ಕಳೆದೆ.

ಚಕ್ರ ಎಸೆತದ ಬಗ್ಗೆ ಅಷ್ಟಿಷ್ಟು ಓದಿದ ಅಹಂಕಾರ ನನಗೆ. ಮೈಸೂರಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬೆಳೆದ ವಿಕಾಸ್ ಗೌಡ 2012ರಲ್ಲಿ 66.28 ಮೀಟರ್ ಎಸೆದದ್ದು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದದ್ದು ನನಗೆ ಬಾಯಿಪಾಠ. ಎದುರುಗಾಳಿ ಹದವಾಗಿದ್ದರೆ ಆ ಚಕ್ರ ಇನ್ನಷ್ಟು ದೂರ ಹೋಗುತ್ತದೆ. ಲಿಥುವೇನಿಯಾದ ಮೈಕೋಲಸ್ ಅಲೆಕ್ನಾ 2024 ಮತ್ತು 2025ರಲ್ಲಿ ವಿಶ್ವದಾಖಲೆ ಮಾಡಿದ್ದು ಗಾಳಿಗೆ ಹೆಸರಾದ ಒಕ್ಲಹೋಮಾದ ರಮೋನಾದಲ್ಲಿ. 'ಗಾಳಿಗೆ ಎದುರಾಗಿ ಜೋರಾಗಿ ಒಗೀರಿ' ಎಂದೆ. ಹುಡುಗ ಒಗೆದ. ತಟ್ಟೆ ಎದ್ದಿತು, ಬಲಕ್ಕೆ ವಾಲಿತು, ಮಗುಚಿಕೊಂಡು ಕಣಿವೆಯ ಕಾಡು ಸೇರಿತು. ಜಿಗಣೆಗಳಿಗೆ ರಕ್ತದಾನ ಮಾಡಿ ಎರಡು ದಿನ ಹುಡುಕಿದರೂ ಸಿಗಲಿಲ್ಲ. ಹುಡುಗರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಸಮಾಧಾನವಿರುತ್ತಿತ್ತು.

ಗಂಡಸರ ಚಕ್ರ 2 ಕಿಲೋ ತೂಕದ್ದು, ಈ ತಟ್ಟೆ 200 ಗ್ರಾಮೂ ಇಲ್ಲ ಎಂಬುದನ್ನು ನಾನು ಮರೆತಿದ್ದೆ. ಬಲಗೈಯವನು ಎದೆಯ ಅಡ್ಡಕ್ಕೆ ಎಳೆದು ಎಸೆದರೆ ತಟ್ಟೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ವೇಗ ಇಳಿದಂತೆ ಎಡಕ್ಕೆ ಹೊರಳಿ ಬೀಳುವುದು ಅದರ ಜಾಯಮಾನ. ಎದುರುಗಾಳಿ ಬೀಸಿದರೆ ತಟ್ಟೆಗೆ ತಾನು ಇನ್ನೂ ವೇಗವಾಗಿ ಹೋಗುತ್ತಿದ್ದೇನೆ ಎಂಬ ಭ್ರಮೆ, ಬಲಕ್ಕೆ ತಿರುಗುತ್ತದೆ. ಮೂತಿ ಮೇಲಾಗಿದ್ದರಂತೂ ಗಾಳಿ ಕೆಳಗೆ ನುಗ್ಗಿ ಎತ್ತಿಬಿಡುತ್ತದೆ. ಹಿಂದಿನಿಂದ ಬೀಸಿದರೆ ಬೇಗ ನೆಲ ಕಾಣಿಸುತ್ತದೆ.

ಈ ಸಲ ಅಣ್ಣನ ಮಗ ಫೋನು ಮಾಡಿದ. 'ಕಾಕಾ, ಬ್ಯಾಗಿನಾಗ ಜಾಗ ಇಲ್ರಿ. ಒಂದ ತರ್ತೀನಿ. ಯಾವುದು ತರ್ಲಿ?' ರೊಕ್ಕ ನನ್ನದು, ಆಯ್ಕೆಯೂ ನನ್ನ ತಲೆಗೇ ಬಂತು. ಈ ಬಾರಿ ಓದಿದೆ, ಅವನನ್ನೂ ಕೇಳಿದೆ.

ಬುಟ್ಟಿಯ ಹತ್ತಿರದ ಎಸೆತಕ್ಕೆ ಪಟ್ಟರ್ ಎಂಬ ದಪ್ಪ ಅಂಚಿನ ತಟ್ಟೆ. ಹಲವು ಕಂಪನಿಗಳು ಅದರ ಮೇಲೆ ನಾಲ್ಕು ಅಂಕಿ ಅಚ್ಚು ಹಾಕುತ್ತವೆ: ವೇಗ, ತೇಲುವಿಕೆ, ಬಲತಿರುವು, ಕೊನೆಯ ಎಡಹೊರಳು. ಗಾಳಿಯ ಊರಿನವನು ಕೊನೆಯ ಎರಡನ್ನು ನೋಡಬೇಕು. ಇನ್ನೋವಾ ಕಂಪನಿಯ ಏವಿಯರ್ ಹೆಸರುವಾಸಿ; ಅದರ ಅಂಕಿ 2, 3, 0, 1. ಶಾಂತ ಹವೆಯಲ್ಲಿ ನೆಟ್ಟಗೆ ಹೋಗುವ ಸಾಧು ಪ್ರಾಣಿ. ಡಿಸ್ಕ್ರಾಫ್ಟಿನ ಝೋನ್‌ಗೆ 4, 3, 0, 3. ಕೊನೆಯ ಮೂರು ಎಂದರೆ ಹಟಮಾರಿ. ಗಾಳಿ ಬಲಕ್ಕೆ ತಳ್ಳಿದಷ್ಟೂ ಅದು ಎಡಕ್ಕೆ ಜಗ್ಗುತ್ತದೆ. ನಾಲ್ವತ್ತು ಐವತ್ತು ಮೀಟರಿನಿಂದ ಬುಟ್ಟಿಯ ಬುಡ ಮುಟ್ಟಿಸಲು ಅದೇ ಸೈ. ಹತ್ತಿರದಿಂದ ಬುಟ್ಟಿಗೆ ಹಾಕುವಾಗ ಮಾತ್ರ ಎಡಹೊರಳನ್ನು ಲೆಕ್ಕ ಹಿಡಿದು ಬಲಕ್ಕೆ ಗುರಿಯಿಡಬೇಕು. ಅದು ಅಭ್ಯಾಸದ ಮಾತು.

ತೂಕದಲ್ಲಿ ಜಿಪುಣತನ ಬೇಡ. ನಿಯಮದಂತೆ ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರುವಂತಿಲ್ಲ, 21 ಸೆಂ.ಮೀ. ತಟ್ಟೆಗೆ 174 ಗ್ರಾಮಿನ ಆಸುಪಾಸು. ಆ ಮಿತಿಯ ಹತ್ತಿರದ್ದೇ ಇರಲಿ ಎಂದೆ. ಪ್ಲಾಸ್ಟಿಕ್ಕು ತುಸು ಒರಟಾಗಿರಲಿ, ನುಣುಪಾದದ್ದು ಕಣಕುಂಬಿಯ ಮಳೆಯಲ್ಲಿ ಸಾಬೂನಿನಂತೆ ಜಾರುತ್ತದೆ. ಎಸೆಯುವ ಮುನ್ನ ಒರೆಸಲು ಒಂದು ಟವೆಲ್ಲು ಹೆಗಲ ಮೇಲಿರಬೇಕು. ಎಸೆತ ಎದೆಮಟ್ಟ ಮೀರಬಾರದು.

'ಬಣ್ಣ ಯಾವುದ್ರಿ ಕಾಕಾ? ಹಸರು ಭಾಳ ಚಂದ ಐತಿ' ಎಂದ. ಆ ಕಣಿವೆ ನೆನಪಾಯಿತು. ಹಸಿರೊಂದು ಬಿಟ್ಟು ಯಾವುದಾದರೂ ತಾ ಎಂದೆ. ಕಿತ್ತಳೆ ಬಣ್ಣದ್ದು ತರುತ್ತಿದ್ದಾನೆ.